ಮಾವನೂ ನಾನೂ ಮಾಡಿದ ಮರದ ಕೈ

ನನ್ನ ಮಾವನವರಿಗೆ ಬಲಭುಜ ಹಿಡಿದುಕೊಂಡದ್ದರಿಂದಲೇ ನಮ್ಮ ಮನೆಗೆ ಮರದ ಕೈ ಬಂದದ್ದು. ಅವರು ಹುಣಸೂರಿನಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದವರು. ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಎಲ್ಲ ಮಾಡಿದ್ದಾರೆ. ಕೆಲಸ ನಿಲ್ಲಿಸಿದ ವರ್ಷವೇ ಭುಜ ಮೇಲೇಳದೆ ಹೋಯಿತು. ಡಾಕ್ಟರು ಮಾತ್ರೆ ಕಡಿಮೆ ಕೊಟ್ಟು ವ್ಯಾಯಾಮ ಜಾಸ್ತಿ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಮಾವ ಹಿತ್ತಲಿನ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುತ್ತಾ, ಕೈ ಚಾಚಿ ತಿರುಗಿಸುತ್ತಾ, ಮಣಿಕಟ್ಟು ಮಡಿಸುತ್ತಾ ನಿಂತಿರುತ್ತಿದ್ದರು.

ನಾನು ಹಾರನಹಳ್ಳಿಯ ಕಡೆ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ದಿನಾ ಹುಣಸೂರಿನಿಂದ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಆ ಸಲ ಮೈಸೂರಿನಲ್ಲಿ ನಮಗೊಂದು ತರಬೇತಿ ಇತ್ತು. ಅಲ್ಲಿ ಮೇಜಿನ ಮೇಲಿಟ್ಟ ಒಂದು ಯಂತ್ರದ ಕೈ ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ ಅಂಕಿ ಬರೆದದ್ದನ್ನು ನೋಡಿ ಬಂದಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ವರ್ಣಿಸಿದ್ದೆ. ಮಾರನೆಯ ದಿನ ಭಾನುವಾರ. ನಾನು ಹಿತ್ತಲಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದೆ. ಮಾವ ವ್ಯಾಯಾಮ ಮಾಡುತ್ತಾ ಏನೋ ಎಣಿಸುತ್ತಿದ್ದರು.

"ಭುಜ ಮ್ಯಾಕೂ ಕೆಳಕೂ ಒಂದು, ಸುತ್ತಾ ಒಂದು. ಮೊಣಕೈಲಿ ಒಂದು. ಮಣಿಕಟ್ಟು ಮಡಚೋದೊಂದು, ಅತ್ಲಾಗಿತ್ಲಾಗಿ ಒಂದು, ತಿರುಗ್ಸೋದೊಂದು. ಆರಾಯ್ತು. ಆ ಮೈಸೂರಿನ ಕೈಗೆ ಎಸ್ಟು ಕೀಲು ಇದ್ದೋ ಕಣವ್ವ?"

"ಆರೇ, ಮಾವ."

"ಅಂಗಾರೆ ನಾವೂ ಒಂದ್ ಮಾಡೋದೇ ಸೈ," ಎಂದು ಮಾವ ಕೈ ಇಳಿಸಿ ಶೆಡ್ಡಿನ ಕಡೆ ನಡೆದರು. ಹೊನ್ನೆ ಮರದ ಹಲಗೆಗಳನ್ನು ಸರಿಸುವ ಸದ್ದು ಕೇಳಿತು. ನನಗೆ ಖುಷಿಯಾಯಿತು. ಮದುವೆಯಾಗಿ ಹದಿನಾರು ವರ್ಷವಾಗಿತ್ತು, ಮಾವನೊಂದಿಗೆ ಅಡುಗೆ, ಔಷಧಿ, ಬಸ್ಸಿನ ಹೊತ್ತು ಬಿಟ್ಟು ಬೇರೆ ಮಾತಾಡಿದ್ದು ಕಡಿಮೆ. ಉತ್ತರ ಪತ್ರಿಕೆಗಳನ್ನು ಹಾಗೇ ಮಡಿಚಿಟ್ಟು ನಾನೂ ಶೆಡ್ಡಿಗೆ ಹೋದೆ.

ಕೆಲಸ ಹಂಚಿಕೊಳ್ಳುವುದು ಸುಲಭವಾಯಿತು. ಮರ ಅವರದು, ಲೆಕ್ಕ ನನ್ನದು. ನನ್ನ ಯಜಮಾನರು ಹುಣಸೂರು–ಕೆ.ಆರ್. ನಗರ ಬಸ್ಸಿನಲ್ಲಿ ಕಂಡಕ್ಟರು. ಕೆ.ಆರ್. ನಗರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಹೋದ ಎರಡು ಮೆಷಿನ್ನುಗಳನ್ನು ಗುಜರಿಗೆ ಹಾಕುತ್ತಿದ್ದರಂತೆ. ಅವುಗಳ ಮೋಟರುಗಳನ್ನೆಲ್ಲ ಬಿಚ್ಚಿಸಿ ಚೀಲದಲ್ಲಿ ತುಂಬಿ, ಸೀಟಿನ ಕೆಳಗಿಟ್ಟುಕೊಂಡು ತಂದರು. ಇವು ಫ್ಯಾನಿನ ಮೋಟರಿನಂತೆ ಗಿರ್ರೆಂದು ಸುತ್ತುವಂಥವಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತವೆ, ಇನ್ನೂರು ಹೆಜ್ಜೆಗೆ ಒಂದು ಸುತ್ತು. ಮಾವ ಒಂದನ್ನು ಕೈಗೆ ತೆಗೆದುಕೊಂಡು ಅದರ ಕಡ್ಡಿಯನ್ನು ಮೆಲ್ಲಗೆ ತಿರುವಿದರು.

"ಬೆರ್ಳಿಗೆ ಗೊತ್ತಾಯ್ತದೆ ನೋಡು. ಎಜ್ಜೆ ಎಣಿಸ್ಬೋದು," ಎಂದರು. ಅವರ ಮುಖ ಅರಳಿತ್ತು.

ಮೋಟರುಗಳಿಗೆ ಹೆಜ್ಜೆ ಹೇಳಿಕೊಡುವ ಪುಟ್ಟ ಬೋರ್ಡನ್ನು ತರಿಸಿಕೊಂಡೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಪ್ರೋಗ್ರಾಂ ಬರೆಯಲು ಕಲಿತೆ. ಕೈಯ ತುದಿ ಇಂಥ ಜಾಗಕ್ಕೆ ಹೋಗಬೇಕೆಂದರೆ ಯಾವ ಕೀಲು ಎಷ್ಟು ಡಿಗ್ರಿ ತಿರುಗಬೇಕು ಎಂಬುದು ತ್ರಿಕೋನಮಿತಿಯ ಲೆಕ್ಕ. ವರ್ಷಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟ ಆ ಪಾಠ ಒಂದು ದಿನ ನಿಜವಾಗಿಯೂ ಏನನ್ನಾದರೂ ಎತ್ತಿ ಇಳಿಸುತ್ತದೆ ಎಂದು ನಾನು ನಂಬಿರಲಿಲ್ಲ ಎನ್ನುವುದು ಆಗಲೇ ನನಗೆ ತಿಳಿದದ್ದು.

ಮೊದಲ ಸಲ ಸ್ವಿಚ್ಚು ಹಾಕಿದ ದಿನ ಅತ್ತೆಯೂ ನೋಡಲು ಬಂದು ನಿಂತರು. ಕೈ ಮುಂದಕ್ಕೆ ಚಾಚಿ ಮೇಜಿನ ಮೇಲಿನ ಬೆಂಕಿಪೊಟ್ಟಣವನ್ನು ಮುಟ್ಟಬೇಕಾಗಿತ್ತು. ಅದು ಒಂದು ಗಳಿಗೆ ಯೋಚಿಸಿದಂತೆ ನಿಂತು, ಹಿಂದಕ್ಕೆ ಬೀಸಿ, ಮಾವನ ಹೆಗಲ ಮೇಲಿದ್ದ ಟವಲನ್ನು ಕಿತ್ತುಕೊಂಡು, ಅತ್ತೆ ಒಣಹಾಕಿದ್ದ ಸಂಡಿಗೆಯ ಮೊರವನ್ನು ಉರುಳಿಸಿತು.

"ಮೊದ್ಲು ಅದುಕ್ಕೆ ಮರ್ಯಾದೆ ಕಲ್ಸಿ," ಎಂದರು ಅತ್ತೆ, ಸಂಡಿಗೆ ಆಯುತ್ತಾ.

ಪ್ರೋಗ್ರಾಮಿನಲ್ಲಿ ಒಂದು ಕಡೆ ಮೈನಸ್ ಗುರುತು ಬಿಟ್ಟುಹೋಗಿತ್ತು. ಹತ್ತನೇ ಕ್ಲಾಸಿನವರಿಗೆ ಅದೇ ತಪ್ಪಿಗೆ ಅರ್ಧ ಅಂಕ ಕಳೆಯುವವಳು ನಾನು. ಸಂಡಿಗೆ ಆಯುತ್ತಾ ಆಯುತ್ತಾ ನಗು ಬಂದುಬಿಟ್ಟಿತು. ಮಾವ ಟವಲು ಕೊಡವಿಕೊಂಡು ಇನ್ನೂ ಜೋರಾಗಿ ನಕ್ಕರು.

ದಿಕ್ಕು ಸರಿಯಾದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಕೈಯ ತುದಿಗೆ ಪೆನ್ಸಿಲ್ ಕಟ್ಟಿ, ಬಿಳಿ ಹಾಳೆಯ ಮೇಲೆ ಒಂದೇ ಜಾಗವನ್ನು ಹತ್ತು ಸಲ ಮುಟ್ಟಲು ಹೇಳಿದೆ. ಪ್ರತಿ ಸಲವೂ ಎದ್ದು, ಬಲಕ್ಕೋ ಎಡಕ್ಕೋ ತಿರುಗಿ, ಮತ್ತೆ ಬಂದು ಮುಟ್ಟಬೇಕು. ಹಾಳೆ ನೋಡಿದರೆ ಒಗ್ಗರಣೆಯಿಂದ ಸಾಸಿವೆ ಸಿಡಿದ ಹಾಗೆ ಹತ್ತು ಚುಕ್ಕಿ ಹತ್ತು ಕಡೆ. ಗಮನವಿಟ್ಟು ನೋಡಿದರೆ ಎಡದಿಂದ ಬಂದಾಗ ಒಂದು ಗುಂಪು, ಬಲದಿಂದ ಬಂದಾಗ ಇನ್ನೊಂದು ಗುಂಪು. ಅಂದರೆ ತಪ್ಪು ಲೆಕ್ಕದ್ದಲ್ಲ, ಹಲ್ಲುಚಕ್ರಗಳದ್ದು. ಒಂದು ಚಕ್ರದ ಹಲ್ಲಿಗೂ ಇನ್ನೊಂದರ ಹಲ್ಲಿಗೂ ನಡುವೆ ಚೂರು ಸಡಿಲವಿದ್ದರೆ, ದಿಕ್ಕು ಬದಲಿಸಿದಾಗಲೆಲ್ಲ ಆ ಸಡಿಲದಷ್ಟು ಚಲನೆ ಸುಮ್ಮನೆ ಕಳೆದುಹೋಗುತ್ತದೆ.

ಆ ಚಕ್ರಗಳನ್ನು ಮಾವ ಮೂರು ವಾರ ಕೂತು ಗರಗಸದಿಂದ ಹಲ್ಲು ಕೊಯ್ದು, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆ ತಿನ್ನಿಸಿ ಮಾಡಿದ್ದರು. ನೋಡಿದವರೆಲ್ಲ ಹೊಗಳಿದ್ದರು. ನಾನು ಎರಡು ದಿನ ಹೇಳದೆ ತಳ್ಳಿದೆ. ಪ್ರೋಗ್ರಾಂ ತಿದ್ದುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಮೂರನೆಯ ಸಂಜೆ ಬಸ್ಸಿಳಿದು ಬಂದಾಗ ಮಾವ ಶೆಡ್ಡಿನಲ್ಲಿ ಕೂತು, ಕೈಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು.

"ಆಟ ಐತೆ," ಎಂದರು. ಬಡಗಿಗಳ ಮಾತಿನಲ್ಲಿ ಆಟ ಎಂದರೆ ಸಡಿಲ.

"ಭುಜದ ಹತ್ತಿರ ಅರ್ಧ ಡಿಗ್ರಿ ಇರಬಹುದು ಮಾವ. ಅಷ್ಟೇ. ಆದರೆ ಎರಡಡಿ ಆಚೆ ತುದಿಗೆ ಬರುವಾಗ ಅದು ಐದು ಮಿಲಿಮೀಟರ್ ಆಗುತ್ತೆ."

"ಕೀಲಿನ ತಾವ ಕೂದ್ಲೆಳೆ ಸಡ್ಲ ಇದ್ರೆ ಬಾಗ್ಲ ತುದೀಲಿ ಬೆರ್ಳು ತೂರ್ತದೆ. ನಂಗೊತ್ತಿಲ್ವಾ? ಮೂರು ದಿನದಿಂದ ನೀನೂ ಹೇಳ್ನಿಲ್ಲ, ನಾನೂ ಹೇಳ್ನಿಲ್ಲ," ಎಂದು ಮಾವ ಎದ್ದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ಕಿಟಕಿಯ ಮೇಲೆ ಸಾಲಾಗಿ ಇಟ್ಟರು. "ಚೆಂದಾಗವೆ, ಇರ್ಲಿ ಬುಡು. ಬೇರೆ ದಾರಿ ನೋಡವ."

ದಾರಿ ಅವರಿಗೇ ಹೊಳೆಯಿತು, ಮರುದಿನ ಬೆಳಿಗ್ಗೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ. ಅಡುಗೆಮನೆಗೆ ಬಂದವರೇ ನನ್ನ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡು ಅದಕ್ಕೆ ಲಾಡಿಯ ದಾರವನ್ನು ಮೂರು ಸುತ್ತು ಸುತ್ತಿದರು. ಎರಡು ತುದಿಯನ್ನೂ ಬಿಗಿಯಾಗಿ ಎಳೆದು ಹಿಡಿದು, ಒಂದು ಕಡೆ ಜಗ್ಗಿದರು. ಲಟ್ಟಣಿಗೆ ಉರುಳಿತು. ಇನ್ನೊಂದು ಕಡೆ ಜಗ್ಗಿದರು. ಅದೇ ಕ್ಷಣ ವಾಪಸು ಉರುಳಿತು.

"ನಾನು ಚಿಕ್ಕೋನಿದ್ದಾಗ ಕರೆಂಟು ಎಲ್ಲಿತ್ತು? ನಮ್ಮಪ್ಪ ಮಂಚದ ಕಾಲು ಕಡೆಯೋವಾಗ ಮರಕ್ಕೆ ಇಂಗೇ ಅಗ್ಗ ಸುತ್ತಿ, ನಾನು ಎದುರುಗಡೆ ನಿಂತ್ಕಂಡು ಎಳೀತಿದ್ದೆ. ಅತ್ಲಾಗೊಂದು ಎಳ್ತ, ಇತ್ಲಾಗೊಂದು ಎಳ್ತ. ಆಟ ಅನ್ನೋದೇ ಇರ್ನಿಲ್ಲ ಕಣವ್ವ. ಚಕ್ರಕ್ಕೆ ಹಲ್ಲಿದ್ರೆ ತಾನೆ ಆಟ ಇರಾದು."

ನಾನು ಹಿಟ್ಟಿನ ಕೈಯಲ್ಲೇ ಹಾಳೆ ತಂದು ಬರೆದೆ. ಮೋಟರಿಗೆ ಸಣ್ಣ ಉರುಳೆ, ಕೀಲಿಗೆ ದೊಡ್ಡ ಮರದ ಗಾಲಿ. ಉರುಳೆಗೆ ಮೂರು ಸುತ್ತು ದಾರ, ದಾರದ ಎರಡು ತುದಿಯೂ ಗಾಲಿಗೆ ಬೋಲ್ಟಿನಿಂದ ಬಿಗಿ. ಗಾಲಿ ಉರುಳೆಗಿಂತ ಹನ್ನೆರಡು ಪಟ್ಟು ದೊಡ್ಡದಾದರೆ, ಮೋಟರು ಹನ್ನೆರಡು ಸುತ್ತು ತಿರುಗಿದಾಗ ಕೀಲು ಒಂದು ಸುತ್ತಿನ ಲೆಕ್ಕ. ಚಪಾತಿ ಸೀದು ಹೋಗಿ ಅತ್ತೆ ನಮ್ಮಿಬ್ಬರನ್ನೂ ಅಡುಗೆಮನೆಯಿಂದ ಆಚೆ ಅಟ್ಟಿದರು.

ಈಗ ಹಿಗ್ಗದ ದಾರ ಬೇಕಿತ್ತು. ಹತ್ತಿಯ ದಾರ ಒಂದು ದಿನದಲ್ಲೇ ಜೋತುಬಿತ್ತು. ನೈಲಾನು ರಬ್ಬರಿನಂತೆ ಎಳೆದುಕೊಂಡಿತು. ಗಾಳಕ್ಕೆ ಹಾಕುವ ಹೆಣೆದ ದಾರ ಒಂದಿದೆ, ಅದು ಹಿಗ್ಗುವುದಿಲ್ಲ ಎಂದು ನಮ್ಮ ಯಜಮಾನರಿಗೆ ಬಸ್ಸಿನಲ್ಲಿ ಯಾರೋ ಹೇಳಿದರಂತೆ. ಹಿನ್ನೀರಿನ ಕಡೆ ಮೀನು ಹಿಡಿಯುವವರಿದ್ದಾರೆ, ಅಲ್ಲಿ ಸಿಗಬಹುದು ಎಂದು ಒಂದು ರಜೆಯ ದಿನ ಮಾವನೂ ನಾನೂ ಎಚ್.ಡಿ. ಕೋಟೆಗೆ ಹೋಗಿ, ಬಸ್ಸು ಬದಲಿಸಿ ಅಂತರಸಂತೆಗೆ ಹೋದೆವು. ಸಂತೆಯ ದಿನ. ಬಲೆ, ಗಾಳ, ಸೀಸದ ಗುಂಡು ಇಟ್ಟುಕೊಂಡ ಒಬ್ಬಾತ ಸಿಕ್ಕಿದ.

"ಎಸ್ಟು ಕೆಜಿ ಮೀನ್ಗೆ ಬೇಕು ಯಜಮಾನ್ರೆ?" ಎಂದು ಕೇಳಿದ.

"ಮೀನಿಗಲ್ಲ ಕಣಪ್ಪ, ಕೈಗೆ," ಎಂದರು ಮಾವ.

ಅಂಗಡಿಯಾತ ಮಾವ ಭುಜ ಹಿಡಿದುಕೊಂಡು ನಿಂತದ್ದನ್ನು ನೋಡಿದ. "ಆಸ್ಪತ್ರೆಗೆ ತೋರ್ಸಿದ್ರಾ?" ಎಂದು ತೀರಾ ಕಾಳಜಿಯಿಂದ ಕೇಳಿದ.

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಮಾವ ಮಾತ್ರ ಗಂಭೀರವಾಗಿ ವಿಷಯವನ್ನೆಲ್ಲ ವಿವರಿಸಿದರು. ಆತ ಬಣ್ಣಬಣ್ಣದ ನಾಲ್ಕು ಉರುಳೆ ತೆಗೆದಿಟ್ಟ. ಮಾವ ಪ್ರತಿ ದಾರವನ್ನೂ ಅಂಗಡಿಯ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೋಲಿಗೆ ಸುತ್ತಿ, ಹಿಂದಕ್ಕೆ ವಾಲಿ ತಮ್ಮ ಪೂರ್ತಿ ಭಾರ ಬಿಟ್ಟರು. ನಾನು ಮಂಡಿಯೂರಿ ಟೇಪು ಹಿಡಿದು ಅಳೆದೆ. ಜನ ಸೇರಿತು. ಮಾವನ ಭಾರ ಸಾಲದು ಎಂದು ಅಂಗಡಿಯಾತನೂ ಬಂದು ಕೋಲು ಹಿಡಿದು ವಾಲಿದ. ಸೊಪ್ಪು ಮಾರುವ ಒಬ್ಬ ಹೆಂಗಸು, "ಕಂಬ ಕಿತ್ಕಂಡ್ ಬಂದಾತು, ಉಸಾರು," ಎಂದರು. ಹಸಿರು ದಾರ ಒಂದಿಷ್ಟೂ ಹಿಗ್ಗಲಿಲ್ಲ.

"ಒಂದು ನೂಲೂ ಬರ್ನಿಲ್ಲ," ಎಂದು ಮಾವ ಸಾರಿದರು. ನೂಲು ಎಂದರೆ ಅವರ ಅಳತೆಯಲ್ಲಿ ಇಂಚಿನ ಎಂಟರಲ್ಲಿ ಒಂದು ಪಾಲು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಆ ದಾರದ ಉರುಳೆಯನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡುತ್ತಲೇ ಇದ್ದೆವು.

ದಾರ ಹಾಕಿದ ಮೇಲೆ ಸಡಿಲ ಹೋಯಿತು. ಆದರೆ ಕೈ ಪೂರ್ತಿ ಚಾಚಿದಾಗ ತನ್ನ ಭಾರಕ್ಕೆ ತಾನೇ ತೂಗಿ, ಮೋಟರು ಏದುಸಿರು ಬಿಟ್ಟು ಹೆಜ್ಜೆ ತಪ್ಪುತ್ತಿತ್ತು. ಅದನ್ನು ಬಿಡಿಸಿದವರು ಅತ್ತೆ. ಅವರು ಬಾಗಿಲಲ್ಲಿ ನಿಂತು ನೋಡಿ, "ಹಿಂದ್ಗಡೆ ಏನಾರ ಕಟ್ಟಿ. ಮುಂದ್ಗಡೆಯೇ ಭಾರ ಇದ್ರೆ ತಕ್ಕಡಿ ನಿಂತ್ಕಂಡದಾ?" ಎಂದರು. ಭುಜದ ಹಿಂದಕ್ಕೆ ಒಂದು ಮರದ ಕೋಲು ಬೆಳೆಸಿ ಅದಕ್ಕೆ ಬಟ್ಟೆಯ ಚೀಲ ಕಟ್ಟಿದೆವು. ಚೀಲಕ್ಕೆ ಅತ್ತೆ ರಾಗಿ ಹಾಕುತ್ತಾ ಹೋದರು.

"ಸಾಕಾ? ಇನ್ನೊಂದ್ ಹಿಡಿ?"

"ಇನ್ನೊಂದ್ ಹಿಡಿ. ಅರ್ಧ ಹಿಡಿ. ಸಾಕು, ಸಾಕು," ಎಂದರು ಮಾವ.

ಕರೆಂಟು ತೆಗೆದು, ಮಾವ ಕೈಯನ್ನು ಒಂದೇ ಬೆರಳಿನಿಂದ ಮೇಲಕ್ಕೆ ತಳ್ಳಿದರು. ಬಿಟ್ಟಲ್ಲೇ ನಿಂತಿತು. ಕೆಳಕ್ಕೆ ಒತ್ತಿದರು. ಅಲ್ಲಿಯೂ ನಿಂತಿತು. ಮೂವರೂ ಸರದಿಯ ಮೇಲೆ ತಳ್ಳಿ ತಳ್ಳಿ ನೋಡಿದೆವು. ಅಷ್ಟು ದೊಡ್ಡ ಮರದ ಕೈ ಗಾಳಿಯಲ್ಲಿ ತೇಲಿದಂತೆ ಹಗುರವಾಗಿ ಹೋಗಿ, ಹೇಳಿದಲ್ಲಿ ನಿಲ್ಲುತ್ತಿತ್ತು. ಆ ಆಟದಲ್ಲೇ ಒಂದು ಗಂಟೆ ಕಳೆಯಿತು.

ಮತ್ತೆ ಹಾಳೆ ಇಟ್ಟೆ. ಪೆನ್ಸಿಲ್ ಚೂಪು ಮಾಡಿ ಕಟ್ಟಿದೆ. ಹತ್ತು ಸಲ. ಕೈ ಎದ್ದು, ಬಲಕ್ಕೆ ಹೋಗಿ, ಬಂದು ಟಕ್ಕೆಂದಿತು. ಎಡಕ್ಕೆ ಹೋಗಿ, ಬಂದು ಟಕ್ಕೆಂದಿತು. ನಾನು ಎಣಿಸುತ್ತಾ ಹೋದೆ. ಹತ್ತಾದ ಮೇಲೆ ಅತ್ತೆ ಬಗ್ಗಿ ನೋಡಿದರು.

"ಇದೇನು, ಒಂದೇ ಚುಕ್ಕಿ ಐತಲ್ಲ. ಮಿಕ್ಕವು ಎಲ್ಲೋದೊ?"

ಮಾವ ಕನ್ನಡಕ ಮೇಲೇರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು. ಹತ್ತು ಸಲ ಒಂದೇ ಜಾಗಕ್ಕೆ ಕುಟ್ಟಿ ಹಾಳೆಯಲ್ಲಿ ಒಂದು ಸಣ್ಣ ತೂತು ಬಿದ್ದಿತ್ತು. ಅದರಿಂದ ಬಿಸಿಲು ಅವರ ಕೆನ್ನೆಯ ಮೇಲೆ ಒಂದು ಕಾಳಿನಷ್ಟು ಬೀಳುತ್ತಿತ್ತು. "ಎಲ್ಲಾ ಇದ್ರೊಳ್ಗೇ ಅವೆ," ಎಂದರು ಮೆಲ್ಲಗೆ. ಆಮೇಲೆ ಏನಾಯಿತೋ, ಮಾವ ಹಾಳೆಯನ್ನು ತಲೆಯ ಮೇಲೆ ಹಿಡಿದುಕೊಂಡು ಶೆಡ್ಡಿನಲ್ಲಿ ಒಂದು ಸುತ್ತು ಹಾಕಿದರು. ನಾನು ಅವರ ಹಿಂದೆ ಒಂದು ಸುತ್ತು ಹಾಕಿದೆ. ಮಾವನ ಎದುರಿಗೆ ನಾನು ಹಾಗೆಲ್ಲ ಕುಣಿದವಳಲ್ಲ. ಅತ್ತೆ, "ಇಬ್ರಿಗೂ ಏನೋ ಆಗೈತೆ," ಎಂದು ಕಾಫಿ ಮಾಡಲು ಒಳಗೆ ಹೋದರು.

ಒಂದೇ ಜಾಗಕ್ಕೆ ಹತ್ತು ಸಲ ಬರುವುದು ಬೇರೆ, ಹೇಳಿದ ಜಾಗಕ್ಕೆ ಹೋಗುವುದು ಬೇರೆ. ಮಾರನೆಯ ವಾರ ಒಂದು ವೃತ್ತ ಬರೆಸಿದೆ. ನನ್ನ ಕಣ್ಣಿಗೆ ಅದು ಚೊಕ್ಕ ವೃತ್ತ. ಮಾವ ನಿಂತಲ್ಲಿಂದಲೇ, "ಗುಂಡಗಿಲ್ಲ," ಎಂದರು. ಅಳೆದರೆ ಉದ್ದಕ್ಕಿಂತ ಅಗಲ ಅರ್ಧ ನೂಲು ಜಾಸ್ತಿ. ಲೆಕ್ಕವನ್ನೆಲ್ಲ ಮೂರು ಸಲ ನೋಡಿದೆ, ತಪ್ಪಿಲ್ಲ. ಕೊನೆಗೆ ಮಾವ, "ಮೇಲ್ಗೈ ಉದ್ದ ಎಸ್ಟು ಬರ್ಕಂಡಿದೀಯ?" ಎಂದು ಕೇಳಿದರು.

"ನೀವು ಒಂದಡಿ ಅಂದಿದ್ರಲ್ಲ. ಮುನ್ನೂರು ಮಿಲಿಮೀಟರ್."

ಮಾವ ನನ್ನ ಚೀಲದಿಂದ ಸ್ಕೂಲಿನ ಸ್ಕೇಲು ತೆಗೆದು, ಅದರ ಕೊನೆಯನ್ನು ಉಗುರಿನಿಂದ ತೋರಿಸಿದರು. "ಇದು ಅಡಿ ಅಲ್ಲ ಕಣವ್ವ. ಹನ್ನೆಲ್ಡು ಇಂಚಿಗೆ ಒಂಚೂರು ಕಮ್ಮಿ. ನನ್ ಕಡ್ಡಿ ನೋಡು." ಅವರ ಮಡಿಚುವ ಅಳತೆಕಡ್ಡಿಯ ಪಕ್ಕ ಇಟ್ಟರೆ ನನ್ನ ಸ್ಕೇಲು ಸುಮಾರು ಐದು ಮಿಲಿಮೀಟರ್ ಗಿಡ್ಡ. ಇಷ್ಟು ವರ್ಷ ಮಕ್ಕಳಿಗೆ ಅದನ್ನೇ ಅಡಿ ಅಡಿ ಎಂದು ತೋರಿಸಿದ್ದೆ. ಮುನ್ನೂರು ಅಳಿಸಿ ಮುನ್ನೂರ ನಾಲ್ಕು ಪಾಯಿಂಟ್ ಎಂಟು ಎಂದು ಬರೆದೆ. ಮುಂದಿನ ವೃತ್ತವನ್ನು ಮಾವ ಆ ಕಡೆಯಿಂದ, ಈ ಕಡೆಯಿಂದ, ಬಗ್ಗಿ, ಎದ್ದು ನೋಡಿದರು. "ಬಳೆ," ಎಂದರು. ಅಷ್ಟೇ ಸಾಕಾಗಿತ್ತು.

ಬೊಟ್ಟು ಇಡಿಸುವ ಯೋಚನೆ ಅತ್ತೆಯದು. ಇಷ್ಟೆಲ್ಲ ಮಾಡಿದ್ದೀರಿ, ಹಾಳೆಗೆ ಕುಟ್ಟೋದು ಬಿಟ್ಟು ಹಣೆಗೆ ಬೊಟ್ಟಾದರೂ ಇಡುತ್ತದಾ ಎಂದು ಕೇಳಿದರು. ಕಣ್ಣಿನ ಹತ್ತಿರದ ಕೆಲಸ ಎಂದು ನಾನು ಒಪ್ಪಲಿಲ್ಲ. ಮಾವ, ಕಣ್ಣಾಸ್ಪತ್ರೆಯಲ್ಲಿ ಇರುತ್ತದಲ್ಲ, ಅಂಥದ್ದೊಂದು ಗಲ್ಲ ಊರುವ ಮರದ ಚೌಕಟ್ಟು ಮಾಡಿದರು. ಪೆನ್ಸಿಲ್ ತೆಗೆದು ಮೆತ್ತನೆಯ ಹತ್ತಿ ಸುತ್ತಿದ ಕಡ್ಡಿ ಕಟ್ಟಿದೆವು. ಮೊದಲು ಚೌಕಟ್ಟಿನಲ್ಲಿ ಒಂದು ಸಿಹಿಗುಂಬಳ ಕೂರಿಸಿದೆವು. ಇಪ್ಪತ್ತು ಬೊಟ್ಟು ಇಟ್ಟರೂ ಒಂದರ ಮೇಲೆ ಒಂದು ಬಿದ್ದು ಒಂದೇ ಬೊಟ್ಟಾಯಿತು. ಆಮೇಲೆ ಮಾವ ಕೂತರು. ಆಮೇಲೆ ನಾನು. ಹತ್ತಿ ಹಣೆಗೆ ತಗುಲಿದ್ದು ಗೊತ್ತೇ ಆಗಲಿಲ್ಲ, ತಣ್ಣಗಾಯಿತು ಅಷ್ಟೆ.

ಅತ್ತೆ ಹೊಸ ಸೀರೆ ಉಟ್ಟುಕೊಂಡು ಬಂದು ಗಲ್ಲ ಊರಿದರು. ನಾನು ನಿಲ್ಲಿಸುವ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತೆ.

"ಕಣ್ ಮುಚ್ಕ," ಎಂದರು ಮಾವ.

"ಯಾಕ್ ಮುಚ್ಲಿ? ನೋಡ್ಬೇಕು ನಾನು."

ಕೈ ಮೇಲೆದ್ದು, ಕುಂಕುಮದ ಬಟ್ಟಲಿಗೆ ಅದ್ದಿ, ತಿರುಗಿ ಅವರ ಕಡೆ ಬಂತು. ಅತ್ತೆಯ ಎರಡು ಕಣ್ಣೂ ಮೂಗಿನ ಹತ್ತಿರ ಸೇರಿಕೊಂಡವು. ಹತ್ತಿ ಹುಬ್ಬುಗಳ ನಡುವೆ ಮುಟ್ಟಿ ಹಿಂದೆ ಸರಿಯಿತು. ಅತ್ತೆ ಎದ್ದು ಒಳಗೆ ಕನ್ನಡಿಯ ಮುಂದೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದು ಹೇಳಿದರು: "ಮದ್ವೆ ದಿನಾನೂ ಇಷ್ಟು ನೆಟ್ಟಗೆ ಇಟ್ಕಂಡಿರ್ನಿಲ್ಲ." ಅಷ್ಟು ಹೇಳಿ ಬೀದಿಗೆ ಹೋಗಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕೂಗಿದರು.

ಅರ್ಧ ಗಂಟೆಯಲ್ಲಿ ಹಿತ್ತಲು ತುಂಬಿತು. ಒಬ್ಬರ ಹಣೆ ಉದ್ದ, ಒಬ್ಬರದು ಗಿಡ್ಡ. ಒಬ್ಬರಿಗೆ ಬೊಟ್ಟು ಬೈತಲೆಯ ಬುಡಕ್ಕೆ ಹೋಯಿತು, ಇನ್ನೊಬ್ಬರಿಗೆ ಮೂಗಿನ ಮೇಲೆ. ಮಾವ ಗಲ್ಲದ ಕೆಳಗೆ ಮರದ ಚಕ್ಕೆ ಒಂದೊಂದೇ ಸೇರಿಸಿ ತೆಗೆದು, ಎಲ್ಲರನ್ನೂ ಕೈಯ ಅಳತೆಗೆ ತಂದರು. ಮೂಗಿನ ಮೇಲೆ ಇಡಿಸಿಕೊಂಡವರು ಒರೆಸಿಕೊಳ್ಳದೆ ಹಾಗೇ ತಿರುಗಾಡಿ ಎಲ್ಲರಿಗೂ ತೋರಿಸಿದರು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ನಮ್ಮ ಯಜಮಾನರು ಬಂದರು. ಮನೆಯ ಮುಂದೆ ಜನ ನೋಡಿ ಗಾಬರಿಯಿಂದ ಓಡಿಬಂದವರು, ವಿಷಯ ತಿಳಿದ ಮೇಲೆ ಯೂನಿಫಾರಂ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತುಬಿಟ್ಟರು. "ಮುಂದ್ ಮುಂದ್ಕೆ ಓಗಿ, ಒಳ್ಗಡೆ ಜಾಗ ಐತೆ. ಬೊಟ್ಟು ಇಡಿಸ್ಕಂಡೋರು ಹಿಂದಿನ್ ಬಾಗ್ಲಲ್ಲಿ ಇಳೀರಿ," ಎಂದು ಸೀಟಿ ಊದಿದರು. ಹೆಂಗಸರು ನಕ್ಕೂ ನಕ್ಕೂ ಸಾಲು ಮುರಿದು ಮತ್ತೆ ಸಾಲು ನಿಂತರು. ಕುಂಕುಮದ ಬಟ್ಟಲು ಎರಡು ಸಲ ತುಂಬಿಸಬೇಕಾಯಿತು.

ಈಗಲೂ ಮಳೆ ಹಿಡಿದಾಗ ಮರ ಉಬ್ಬುತ್ತದೆ, ಬಿಸಿಲು ಬಂದಾಗ ಕುಗ್ಗುತ್ತದೆ. ವೃತ್ತ ಮತ್ತೆ ಮೊಟ್ಟೆಯಾಗುತ್ತದೆ. ಆಗ ಒಂದು ಭಾನುವಾರ ಮಾವ ಕಡ್ಡಿ ಹಿಡಿದು ಅಳೆದು ಹೇಳುತ್ತಾರೆ, ನಾನು ಅಂಕಿ ತಿದ್ದುತ್ತೇನೆ. ಇದು ಬೇಜಾರಿನ ಕೆಲಸ ಎಂದು ಬೇರೆಯವರಿಗೆ ಅನಿಸಬಹುದು. ನಮಗೆ ಮಾತ್ರ ಶನಿವಾರ ಸಂಜೆಯಿಂದಲೇ ಕೈ ತುರಿಸುತ್ತಿರುತ್ತದೆ. ಹೋದ ವಾರ ನಾನು ಬಸ್ಸಿಳಿದು ಬರುವಷ್ಟರಲ್ಲಿ ಮಾವ ಬಾಗಿಲಲ್ಲೇ ಕಾದಿದ್ದು, ಚಪ್ಪಲಿ ಬಿಡುವುದಕ್ಕೂ ಬಿಡದೆ ಹೇಳಿದರು: "ಬಾರವ್ವ ಬಿರ್ನೆ. ಮೊಣಕೈ ಕಾಲು ನೂಲು ಬೆಳ್ದದೆ."